ಓಮ್ನಿ ವ್ಯಾನಿನೊಳಗೆ ಹೊಗೆ: ಮೂಲ ಹುಡುಕುವ ಬಗೆ

ಪೋತ್ನಾಳ: ಭತ್ತದ ಸುಗ್ಗಿ ಆರಂಭವಾಯಿತೆಂದರೆ ಮಾನ್ವಿ-ಸಿಂಧನೂರು ರಸ್ತೆಯಲ್ಲಿ ಧೂಳು, ಹೊಟ್ಟಿನ ಕಾಟ ತಪ್ಪಿದ್ದಲ್ಲ. ಗಾಜು ಏರಿಸಿಕೊಂಡೇ ಪ್ರಯಾಣ ಮಾಡಬೇಕಾಗುತ್ತದೆ. ಹೀಗೆ ಹಳೆಯ ಮಾರುತಿ ಓಮ್ನಿಯಲ್ಲಿ ಮದುವೆಗೋ ಆಸ್ಪತ್ರೆಗೋ ಹೊರಟವರಿಗೆ ಅರ್ಧ ದಾರಿಯಲ್ಲಿ ತಲೆ ಭಾರವಾಗಿ ಹೊಟ್ಟೆ ತೊಳೆಸಿದಂತಾದರೆ, ಬಿಸಿಲು ತಾಗಿತೆಂದೋ ಗಾಡಿಯ ಪ್ರಯಾಣ ಆಗಿಬರುವುದಿಲ್ಲವೆಂದೋ ಸಮಾಧಾನ ಹೇಳಿಕೊಳ್ಳುವುದು ವಾಡಿಕೆ. ಆದರೆ ಒಬ್ಬರಲ್ಲ, ಇಬ್ಬರು ಮೂವರಿಗೆ ಒಟ್ಟಿಗೆ ಹೀಗಾಗಿ, ಇಳಿದು ಗಾಳಿಯಲ್ಲಿ ಕುಳಿತ ಮೇಲೆ ನಿಧಾನವಾಗಿ ಕಡಿಮೆಯಾಗುವುದಾದರೆ ಬಿಸಿಲನ್ನು ಬಿಟ್ಟು ವಾಹನವನ್ನೇ ಸಂಶಯಿಸಬೇಕು.

1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಿಂದ ಬಂದು, ನಂತರ ಓಮ್ನಿಯಾದ ಈ ವಾಹನದ ತಯಾರಿಕೆ 2019ರಲ್ಲಿ ನಿಂತಿತು. ಅದರ 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಇರುವುದು ಮುಂದಿನ ಆಸನಗಳ ಕೆಳಗೆ. ಸಾಮಾನ್ಯ ಕಾರಿನಲ್ಲಿ ಎಂಜಿನ್ನಿಗೂ ಪ್ರಯಾಣಿಕರಿಗೂ ನಡುವೆ ಕಬ್ಬಿಣದ ಗೋಡೆಯೇ ಇರುತ್ತದೆ. ಇಲ್ಲಿ ಆಸನ ಎತ್ತಿದರೆ ಎಂಜಿನ್ ಕಾಣುತ್ತದೆ. ಜರ್ಮನಿಯ ಹಳೆಯ ಫೋಕ್ಸ್‌ವ್ಯಾಗನ್ ಕ್ಯಾಂಪರ್ ವ್ಯಾನುಗಳಿಗೂ ಇಂಥದೇ ತೊಂದರೆಯುಂಟು, ದಾರಿ ಮಾತ್ರ ಬೇರೆ. ಅವುಗಳ ಎಂಜಿನ್ ಹಿಂಭಾಗದಲ್ಲಿದ್ದು, ಹೊಗೆಕೊಳವೆಯ ಶಾಖದಿಂದ ಬಿಸಿಯಾದ ಗಾಳಿಯನ್ನೇ ಚಳಿಗಾಲದಲ್ಲಿ ಒಳಗೆ ಹರಿಸಲಾಗುತ್ತದೆ. ಕೊಳವೆ ತುಕ್ಕು ಹಿಡಿದು ತೂತಾದರೆ ಬಿಸಿಗಾಳಿಯೊಂದಿಗೆ ಹೊಗೆಯೂ ಬರುತ್ತದೆ. ರಾಯಚೂರಿನ ಬಿಸಿಲಿಗೆ ಹೀಟರ್ ಯಾರಿಗೆ ಬೇಕು? ಇಲ್ಲಿಯ ಕಾರಣ ಆಸನದ ಕೆಳಗೆ ಇಲ್ಲವೇ ಹಿಂಬಾಗಿಲಲ್ಲಿ ಸಿಗುತ್ತದೆ.

ಅಪಾಯವಿರುವುದು ಮೂಗಿಗೆ ತಿಳಿಯುವ ವಾಸನೆಯಲ್ಲಿ ಅಲ್ಲ. ಪೆಟ್ರೋಲ್ ಎಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಹಿಂದಿನ ಸೀಟಿನಲ್ಲಿ ಮಕ್ಕಳು ತೂಕಡಿಸುವುದು ನಿದ್ದೆಯಿಂದಲೋ ಈ ಅನಿಲದಿಂದಲೋ ಎಂದು ಚಾಲಕನಿಗೆ ತಿಳಿಯುವುದಿಲ್ಲ. ಸುಗಂಧದ ಬಾಟಲಿ ತೂಗುಹಾಕುವುದೆಂದರೆ ಇದ್ದೊಂದು ಎಚ್ಚರಿಕೆಯನ್ನೂ ಮುಚ್ಚಿದಂತೆ.

ಹುಡುಕಾಟಕ್ಕೆ ಕೈಹಾಕುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಬೇಕು: ವಾಸನೆ ಎಂಥದು, ಯಾವಾಗ ಬರುತ್ತದೆ? ಹಸಿ ಪೆಟ್ರೋಲಿನ ವಾಸನೆಯಾದರೆ ಪೈಪು ಅಥವಾ ಕಾರ್ಬುರೇಟರ್ ಸೋರುತ್ತಿರಬಹುದು. ದೋಷ ಸಿಗುವವರೆಗೆ ಗಾಡಿ ಚಾಲೂ ಮಾಡಬಾರದು, ಬೆಂಕಿಕಡ್ಡಿಯಂತೂ ಹತ್ತಿರ ಸುಳಿಯಬಾರದು. ಸುಟ್ಟ ಎಣ್ಣೆಯ ವಾಸನೆಯಾದರೆ ಟ್ಯಾಪೆಟ್ ಕವರಿನ ಪ್ಯಾಕಿಂಗಿನಿಂದ ಆಯಿಲ್ ಜಿನುಗಿ ಬಿಸಿ ಮ್ಯಾನಿಫೋಲ್ಡ್ ಮೇಲೆ ಬೀಳುತ್ತಿರುವ ಸಾಧ್ಯತೆ ಹೆಚ್ಚು. ಎಂಜಿನ್ ಒಳಗಿನ ಆವಿಯನ್ನು ಏರ್ ಫಿಲ್ಟರಿಗೆ ಒಯ್ಯುವ ರಬ್ಬರ್ ಪೈಪು ಸೀಳಿದ್ದರೂ ಇಂಥದೇ ವಾಸನೆ. ಕಣ್ಣು ಉರಿಸುವ ಹೊಗೆಯಾದರೆ ಮಾತ್ರ ಸೈಲೆನ್ಸರ್ ದಾರಿಯನ್ನು ಹಿಡಿಯಬೇಕು.

ಗಾಡಿ ನಿಂತಿದ್ದಾಗಲೇ ಹೊಗೆ ಬಂದರೆ ಸೋರಿಕೆ ಆಸನದ ಕೆಳಗೇ ಇರುವ ಸಂಭವ ಹೆಚ್ಚು. ಮ್ಯಾನಿಫೋಲ್ಡ್ ಎಂಜಿನ್ನಿಗೆ ಕೂಡುವ ಜಾಗ, ಅದರಿಂದ ಪೈಪು ಹೊರಡುವ ಜಾಗ ಇವೆರಡೇ ಮುಖ್ಯ ಶಂಕಿತರು. ಬಯಲಿನಲ್ಲಿ ನಿಲ್ಲಿಸಿ, ತಣ್ಣಗಿರುವ ಎಂಜಿನ್ ಚಾಲೂ ಮಾಡಿ, ಸಹಾಯಕನೊಬ್ಬ ಮಡಚಿದ ಒದ್ದೆ ಬಟ್ಟೆಯನ್ನು ಸೈಲೆನ್ಸರ್ ತುದಿಗೆ ಕೆಲವೇ ಸೆಕೆಂಡು ಒತ್ತಿ ಹಿಡಿದರೆ, ಸೋರುವಲ್ಲಿ ‘ಚುಸ್’ ಎಂಬ ಶಬ್ದ ಕೇಳುತ್ತದೆ. ಎಂಜಿನ್ ಆರಿಸಿದ ಮೇಲೆ ಅದೇ ಜಾಗದಲ್ಲಿ ಕರಿಮಸಿಯ ಗೆರೆಯೂ ಕಾಣಬಹುದು. ಅಂಟು ಮೆತ್ತಿ ಮುಚ್ಚುವುದು ವ್ಯರ್ಥ. ಮ್ಯಾನಿಫೋಲ್ಡಿನ ಕಾವಿಗೆ ಅದು ಹೆಚ್ಚು ದಿನ ನಿಲ್ಲದು. ಹೊಸ ಪ್ಯಾಕಿಂಗ್ ಹಾಕುವಾಗ ಮ್ಯಾನಿಫೋಲ್ಡ್ ಬಿರುಕು ಬಿಟ್ಟಿದೆಯೇ, ಸೊಟ್ಟಗಾಗಿದೆಯೇ ಎಂದು ನೋಡದಿದ್ದರೆ ಆ ಪ್ಯಾಕಿಂಗೂ ಬೇಗ ಸುಡುತ್ತದೆ.

ಓಡುವಾಗ ಮಾತ್ರ ಬರುವ ಹೊಗೆಯೇ ಹೆಚ್ಚು ದಾರಿ ತಪ್ಪಿಸುವುದು. ಪೆಟ್ಟಿಗೆಯಾಕಾರದ ವಾಹನ ಮುಂದೆ ಸಾಗಿದಂತೆ ಬೆನ್ನ ಹಿಂದೆ ಗಾಳಿಯ ಒತ್ತಡ ಕುಸಿದು ಸುಳಿ ಏಳುತ್ತದೆ. ಸೈಲೆನ್ಸರ್ ಬಿಟ್ಟ ಹೊಗೆ ಆ ಸುಳಿಯಲ್ಲಿ ತಿರುಗಿ ಹಿಂಬಾಗಿಲ ಸಂದಿಯಿಂದ ಒಳಬರುತ್ತದೆ. ಆಗ ಮೆಕ್ಯಾನಿಕ್ ಎಂಜಿನ್ ಬಿಚ್ಚಿ ನೋಡಿದರೂ ಏನೂ ಸಿಗುವುದಿಲ್ಲ. ಚೀಲ, ಸೈಕಲ್ಲು ಹೇರಿ ಹಿಂಬಾಗಿಲನ್ನು ಅರೆತೆರೆದು ಹಗ್ಗ ಕಟ್ಟಿಕೊಂಡು ಹೋಗುವ ರೂಢಿ ಹಲವೆಡೆ ಇದೆ. ಗಾಳಿಯಾಡುತ್ತದೆ ಎಂಬ ನಂಬಿಕೆ ಬೇರೆ. ವಾಸ್ತವದಲ್ಲಿ ಇದಕ್ಕಿಂತ ಅಪಾಯದ ಪ್ರಯಾಣ ಇನ್ನೊಂದಿಲ್ಲ.

ಬಾಗಿಲ ರಬ್ಬರ್ ಪರೀಕ್ಷಿಸಲು ಮುಖಕ್ಕೆ ಹಚ್ಚುವ ಪೌಡರ್ ಸಾಕು. ಅದನ್ನು ರಬ್ಬರಿಗೆ ಸವರಿ ಬಾಗಿಲು ಹಾಕಿ ತೆಗೆದರೆ, ಪೌಡರ್ ಅಂಟದ ಕಡೆ ಸಂದಿಯಿದೆ ಎಂದರ್ಥ. ರಾತ್ರಿ ಒಬ್ಬರು ಒಳಗಿನಿಂದ ಟಾರ್ಚ್ ಬಿಟ್ಟರೆ, ಹೊರಗೆ ನಿಂತವರಿಗೆ ನೆಲದ ತಗಡಿನ ತೂತುಗಳೂ ತಿಳಿಯುತ್ತವೆ. ಕೇಬಲ್, ವೈರುಗಳು ನೆಲದೊಳಗಿಂದ ಹಾಯುವ ಕಡೆ ರಬ್ಬರ್ ಬುಷ್ ಒಣಗಿ ಉದುರಿರುವುದನ್ನೂ, ಆಸನದ ಕೆಳಗಿನ ಅಂಚಿನ ಪಟ್ಟಿ ಕಿತ್ತುಹೋಗಿರುವುದನ್ನೂ ಮರೆಯದೆ ನೋಡಬೇಕು. ಹೊಗೆ ಸೋರುವ ಜಾಗವನ್ನಷ್ಟೇ ಸರಿಪಡಿಸಿ ಒಳನುಗ್ಗುವ ಜಾಗವನ್ನು ಹಾಗೇ ಬಿಟ್ಟರೆ ಕೆಲಸ ಅರ್ಧವೇ ಆದಂತೆ.

ರಿಪೇರಿ ಆಗುವವರೆಗೆ ಮಕ್ಕಳನ್ನು, ರೋಗಿಗಳನ್ನು ಆ ವಾಹನದಲ್ಲಿ ಕೂರಿಸದಿರುವುದೇ ಲೇಸು. ಗ್ಯಾರೇಜಿನವರೆಗೆ ಒಯ್ಯುವಾಗ ಧೂಳಾದರೂ ಸರಿ, ಮುಂದಿನ ಎರಡೂ ಗಾಜು ಇಳಿಸಿ ಹಿಂಬಾಗಿಲನ್ನು ಭದ್ರವಾಗಿ ಮುಚ್ಚಿರಬೇಕು. ಹೊಸ ಪ್ಯಾಕಿಂಗ್ ಹಾಕಿದ ಮೇಲೆ ಎಂಜಿನ್ ಒಮ್ಮೆ ಚೆನ್ನಾಗಿ ಬಿಸಿಯಾಗಿ ಆರಿದ ನಂತರ ಬೋಲ್ಟುಗಳು ಸಡಿಲವಾಗಿವೆಯೇ ಎಂದು ಮತ್ತೊಮ್ಮೆ ನೋಡಿಸಬೇಕು.