ಹುಲ್ಲಿನ ಗೋಡೆಯ ಶತ್ರು ಬೆಂಕಿಯಲ್ಲ

"ಹುಲ್ಲಿನಲ್ಲಿ ಮನೆಯೇ? ಒಂದು ಕಿಡಿ ಬಿದ್ದರೆ ಮುಗಿಯಿತು." ಥಾಣೆ, ಡೊಂಬಿವಲಿ, ಕಲ್ಯಾಣದ ನಮ್ಮ ಕನ್ನಡ ಬಳಗದಲ್ಲಿ ಯಾರಾದರೂ ಭತ್ತದ ಹುಲ್ಲಿನ ಬೇಲುಗಳಿಂದ, ಅಂದರೆ ಯಂತ್ರದಲ್ಲಿ ಬಿಗಿದ ಹುಲ್ಲಿನ ಕಟ್ಟುಗಳಿಂದ, ಗೋಡೆ ಏರಿಸುವ ಮಾತೆತ್ತಿದರೆ ಸಿಗುವ ಮೊದಲ ಉತ್ತರ ಇದು. ನಿವೃತ್ತಿಯ ಹಣದಲ್ಲಿ ಮುರಬಾಡದಲ್ಲೋ ಕರ್ಜತ್‌ನಲ್ಲೋ ತುಂಡು ಜಾಗ ಕೊಂಡವರಿಗೂ ಇದನ್ನೇ ಹೇಳುತ್ತಾರೆ. ಆಸ್ಟ್ರೇಲಿಯಾದಲ್ಲಿ ಇಂಥ ಮನೆಗೆ ಕೈಹಾಕಿದ ಮಗನಿಗೂ ಫೋನಿನಲ್ಲಿ ಇದೇ ಬುದ್ಧಿವಾದ. ಪರದೇಶದಲ್ಲಿ ನಿಂತು ಸ್ವಂತ ಮನೆ ಕಟ್ಟಿಸುವವನಿಗೆ ಸಾಲ, ಪರವಾನಗಿ, ಆಳುಕಾಳು, ಹವಾಮಾನ ಎಂದು ಚಿಂತೆಗಳಿಗೆ ಬರವಿಲ್ಲ. ಅವನ ತಲೆಗೆ ಇಲ್ಲದ ಭಯವನ್ನೂ ಹೊರಿಸುತ್ತೇವೆ, ಇರುವ ಅಪಾಯದ ಬಗ್ಗೆ ಮಾತ್ರ ಒಬ್ಬರೂ ವಿಚಾರಿಸುವುದಿಲ್ಲ.

ಭಯದ ಮೂಲ ಅರ್ಥವಾಗುವಂಥದ್ದೇ. ಕರಾವಳಿಯಿಂದ ಬಂದ ಹಿರಿಯರು ಮುಳಿಹುಲ್ಲಿನ ಮಾಡು ಹೊತ್ತಿ ಉರಿದದ್ದನ್ನು ಕಂಡವರು, ಇಲ್ಲವೇ ಕೇಳಿ ಬೆಳೆದವರು. ಮುಳಿಹುಲ್ಲನ್ನು ಸಡಿಲವಾಗಿ ಹೊದೆಸುತ್ತಿದ್ದರು. ಎಳೆ ಎಳೆಯ ನಡುವೆ ಗಾಳಿ, ಅಡಿಯಲ್ಲಿ ಒಲೆ, ಮೇಲೆ ಬೇಸಿಗೆಯ ಬಿಸಿಲು. ಅದು ಉರಿಯದೆ ಇರುತ್ತದೆಯೇ? ಬೇಲಿನ ಗೋಡೆಯ ವಿಚಾರವೇ ಬೇರೆ. ಯಂತ್ರದಲ್ಲಿ ಒತ್ತಿ ಬಿಗಿದ ಹುಲ್ಲು ಘನಮೀಟರಿಗೆ ಸುಮಾರು 100 ಕಿಲೋ ತೂಗುತ್ತದೆ, ಬೆರಳು ತೂರಿಸಲೂ ಜಾಗವಿರುವುದಿಲ್ಲ. ಒಳಗೂ ಹೊರಗೂ ಒಂದೊಂದು ಅಂಗುಲ ಗಿಲಾವು ಮೆತ್ತಿದ ಮೇಲೆ ಉರಿಗೆ ಬೇಕಾದ ಗಾಳಿ ಎಲ್ಲಿಂದ ಬರಬೇಕು? ಬಿಡಿ ಹಾಳೆ ಭಗ್ಗನೆ ಹೊತ್ತಿಕೊಳ್ಳುತ್ತದೆ, ಬಿಗಿದು ಕಟ್ಟಿದ ಹಳೆಯ ಪೇಪರಿನ ಕಟ್ಟು ಅಂಚು ಕರಕಲಾಗಿ ಉಳಿಯುತ್ತದೆ. ಅಮೆರಿಕದಲ್ಲಿ 2006ರಲ್ಲಿ ಎಲ್ಲ ಬಗೆಯ ಗೋಡೆಗಳಿಗೂ ಮಾಡುವ ಬೆಂಕಿ ಪರೀಕ್ಷೆಗೆ ಬೇಲಿನ ಗೋಡೆಗಳನ್ನೂ ಒಡ್ಡಿದರು. ಮಣ್ಣಿನ ಗಿಲಾವಿನ ಬೇಲಿನ ಗೋಡೆ 1 ಗಂಟೆ, ಸಿಮೆಂಟ್ ಗಿಲಾವಿನದು 2 ಗಂಟೆ ತಡೆದು ನಿಂತವು. ಮರವೇ ಸಿಗದ ಅಮೆರಿಕದ ನೆಬ್ರಾಸ್ಕಾ ಬಯಲಿನಲ್ಲಿ ಬೇಲು ಕಟ್ಟುವ ಯಂತ್ರ ಬಂದ ಕಾಲದಿಂದ ಜನ ಹೀಗೆ ಮನೆ ಕಟ್ಟಿಕೊಂಡಿದ್ದಾರೆ. ಅಲ್ಲಿನ ಆರ್ಥರ್ ಎಂಬ ಊರಿನ ಹುಲ್ಲಿನ ಚರ್ಚು 1928ರದು. ಫ್ರಾನ್ಸಿನ ಮೊಂಟಾರ್ಜಿಯಲ್ಲಿ 1920ರಲ್ಲಿ ಕಟ್ಟಿದ ಮನೆ ನೂರು ವರ್ಷ ದಾಟಿಯೂ ನಿಂತಿದೆ.

ಬೆಂಕಿಗೆ ನಿಜವಾಗಿ ಹೆದರಬೇಕಾದ ಹೊತ್ತು ಒಂದಿದೆ. ಗೋಡೆ ಎದ್ದಿದೆ, ಗಿಲಾವು ಬಿದ್ದಿಲ್ಲ, ನೆಲದ ತುಂಬ ಉದುರು ಹುಲ್ಲು. ಆಗ ವೆಲ್ಡಿಂಗ್ ಕಿಡಿಯೋ ಎಸೆದ ಬೀಡಿಯೋ ಸಾಕು. ದಿನವೂ ಕೆಲಸ ಬಿಡುವ ಮುನ್ನ ಗುಡಿಸಿ ಹೊರಗೆ ಹಾಕಿಸಬೇಕು, ಪಕ್ಕದಲ್ಲಿ ನೀರಿನ ಡ್ರಮ್ಮು ತುಂಬಿಟ್ಟಿರಬೇಕು. ಹಾಗೆ ಮಾಡುವವರಿಗೆ ಈ ಭಯವೂ ಇಲ್ಲ.

ಈಗ ನನ್ನ ಸಹನೆ ಕೆಡಿಸುವ ಸಂಗತಿಗೆ ಬರುತ್ತೇನೆ. ಈ ಸುಳ್ಳು ಭಯ ಬರೀ ಮಾತಿನಲ್ಲೇ ಉಳಿದಿದ್ದರೆ ಬಿಟ್ಟುಬಿಡಬಹುದಿತ್ತು. ಅದು ಮನೆಯನ್ನೇ ಕೆಡಿಸುತ್ತದೆ. ಬೆಂಕಿಗೆ ಹೆದರಿದವರು ಏನು ಮಾಡುತ್ತಾರೆ? ಕೂಲಿಯವರು ಸೇರುವ ನಾಕಾದಿಂದ ಮೇಸ್ತ್ರಿಯನ್ನು ಕರೆತಂದು ಎರಡೂ ಕಡೆ ದಪ್ಪಗೆ ಸಿಮೆಂಟ್ ಬಳಿಸುತ್ತಾರೆ. ಬೆಂಕಿಯ ಲೆಕ್ಕದಲ್ಲಿ ಅದು ಸರಿ. ಆದರೆ ಹುಲ್ಲಿನ ಗೋಡೆಯನ್ನು ಕೊಲ್ಲುವುದು ನೀರು, ಮತ್ತು ಸಿಮೆಂಟು ಆ ನೀರಿಗೆ ಒಳಗೆ ಮನೆ ಮಾಡಿಕೊಡುತ್ತದೆ. ಸಿಮೆಂಟಿನ ಮೈ ಇಂದಲ್ಲ ನಾಳೆ ಕೂದಲೆಳೆಯಷ್ಟು ಬಿರಿಯುತ್ತದೆ. ಆಷಾಢದ ಗಾಳಿಮಳೆ ಅಲ್ಲಿಂದ ಒಳಹೊಗುತ್ತದೆ. ಹೊಕ್ಕ ತೇವ ಆವಿಯಾಗಿ ಹೊರಬರಲು ಸಿಮೆಂಟು ಸುಲಭದಲ್ಲಿ ಬಿಡುವುದಿಲ್ಲ. ಸುಣ್ಣದ ಗಾರೆ ಅಥವಾ ಮಣ್ಣಿನ ಗಿಲಾವಾದರೆ ಬಿಡುತ್ತದೆ. ಹುಲ್ಲಿನ ತೇವ ತೂಕದ ಶೇ 20ನ್ನು ದಾಟಿ ಹಾಗೆಯೇ ನಿಂತರೆ ಬೂಷ್ಟು ಹಿಡಿಯುತ್ತದೆ, ಬೇಲು ಒಳಗಿನಿಂದ ಕಪ್ಪಾಗಿ ಕುಸಿಯತೊಡಗುತ್ತದೆ. ಹೊರಗೆ ಬಣ್ಣ ಮಾತ್ರ ಹೊಸದಾಗಿಯೇ ಕಾಣುತ್ತಿರುತ್ತದೆ.

ಥಾಣೆ ಜಿಲ್ಲೆಯ ಮಳೆ ಸಾಧಾರಣದ್ದಲ್ಲ. ವರ್ಷಕ್ಕೆ 2500 ಮಿ.ಮೀ. ಆಸುಪಾಸು, ಅದೂ ಹೆಚ್ಚುಕಡಿಮೆ ನಾಲ್ಕೇ ತಿಂಗಳಲ್ಲಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಸುರಿದದ್ದು, ಕಲ್ಯಾಣ, ಬದ್ಲಾಪುರಗಳು ಮುಳುಗಿದ್ದು ನೆನಪಿರುವವರು ಉಲ್ಹಾಸ ನದಿಯ ನೆರೆಗೆರೆಯೊಳಗೆ ಹುಲ್ಲಿನ ಮನೆ ಕಟ್ಟಲು ಹೊರಡಬಾರದು. ನೆರೆನೀರು ಹೊಕ್ಕ ಬೇಲನ್ನು ಕಿತ್ತು ಹಾಕುವುದೇ ದಾರಿ. ನೆರೆಯಿಲ್ಲದ ಕಡೆಯೂ ತಳಪಾಯ ನೆಲದಿಂದ ಎರಡಡಿ ಏರಬೇಕು, ಸೂರು ಮೂರಡಿಯಾದರೂ ಮುಂದೆ ಚಾಚಬೇಕು. ಇಲ್ಲಿ ಭತ್ತದ ಕೊಯ್ಲು ಅಕ್ಟೋಬರ್–ನವೆಂಬರಿನಲ್ಲಿ. ಹುಲ್ಲು ಒಣಗಿಸಿ, ಬೇಲು ಮಾಡಿ, ಮೊದಲು ಮಾಡು ಹೊದೆಸಿ, ಗೋಡೆ ತುಂಬಿಸಿ, ಗಿಲಾವು ಒಣಗುವಷ್ಟರಲ್ಲಿ ಮೇ ಮುಗಿದಿರುತ್ತದೆ. ಕಟ್ಟುವವನ ನಿದ್ದೆ ಕೆಡಿಸುವುದು ಮಳೆಗೆ ಮುಂಚಿನ ಈ ಗಡುವು. ತೇವ ಅಳೆಯುವ ಮೀಟರಿನ ಉದ್ದನೆಯ ಮೊಳೆಯನ್ನು ಬೇಲಿನ ನಡುವಿಗೆ ಚುಚ್ಚಿ ನೋಡಬೇಕು. ಮೇಲ್ಮೈಯ ಗರಿಗರಿಯನ್ನು ನಂಬುವಂತಿಲ್ಲ.

"ಇಲ್ಲಿನ ಆದಿವಾಸಿಗಳು ಹಿಂದಿನಿಂದ ಕಟ್ಟಿಲ್ಲವೇ?" ಎನ್ನುವ ಉತ್ಸಾಹಿಗಳೂ ತಪ್ಪುತ್ತಾರೆ. ಶಹಾಪುರ, ಮುರಬಾಡದ ಪಾಡಾಗಳಲ್ಲಿರುವುದು ಕಾರವಿ ಕಡ್ಡಿ ಹೆಣೆದು ಸಗಣಿ–ಮಣ್ಣು ಮೆತ್ತಿದ ತೆಳು ಗೋಡೆ. ಅದು ನೆನೆದರೂ ಬೇಗ ಒಣಗುತ್ತದೆ, ಮಳೆ ಹೋದ ಮೇಲೆ ಮತ್ತೆ ಮೆತ್ತಿ ಸಾರಿಸುತ್ತಾರೆ. ಒಂದೂವರೆ ಅಡಿ ದಪ್ಪದ ಬೇಲಿಗೆ ಆ ಸೌಕರ್ಯವಿಲ್ಲ. ನನ್ನನ್ನು ಕೇಳಿದರೆ, ಇಂಥ ಮನೆಗೆ ಠಾವು ಕೊಂಕಣವಲ್ಲ. ಭತ್ತದ ಹುಲ್ಲು ಧಾರಾಳವಾಗಿದ್ದು ಮಳೆ ಕಡಿಮೆ ಇರುವ ಗಂಗಾವತಿ, ಸಿಂಧನೂರಿನ ಸೀಮೆ ಅದಕ್ಕೆ ಹೇಳಿಮಾಡಿಸಿದ್ದು. ಆ ಕಡೆಯಿಂದ ಬಂದು ಇಲ್ಲಿ ನೆಲೆಸಿದವರು ಊರಿನ ಜಾಗದಲ್ಲೇ ಯೋಚಿಸಲಿ. ಅಲ್ಲಿ ಬೇಲು ಕಟ್ಟಿಸುವಾಗ ಒಂದು ನೆನಪಿರಲಿ: ಗೋಡೆಗೆ ಚೌಕದ ಬೇಲೇ ಬೇಕು, ಉರುಳೆಯಂತೆ ಸುತ್ತುವ ಯಂತ್ರದ್ದು ನಡೆಯುವುದಿಲ್ಲ.

ಹುಲ್ಲೆಂದರೆ ಅಪಾಯ, ಸಿಮೆಂಟೆಂದರೆ ಅಭಯ ಎಂಬ ನಂಬಿಕೆಗೆ ನಾವಿರುವ ಊರುಗಳೇ ಎಷ್ಟು ಬೆಲೆ ತೆತ್ತಿವೆ! 2013ರ ಏಪ್ರಿಲ್ 4ರಂದು ಮುಂಬ್ರಾ ಬಳಿಯ ಶೀಳ್ ಫಾಟಾದಲ್ಲಿ ಕುಸಿದು 74 ಜನರನ್ನು ಬಲಿ ತೆಗೆದುಕೊಂಡದ್ದು ಪರವಾನಗಿಯಿಲ್ಲದೆ ಎದ್ದ ಕಾಂಕ್ರೀಟು ಕಟ್ಟಡ. ಡೊಂಬಿವಲಿ ಭಾಗದಲ್ಲಿ ನಕಲಿ ಪರವಾನಗಿ ತೋರಿಸಿ ರಾಜ್ಯದ ಸ್ಥಿರಾಸ್ತಿ ನಿಯಂತ್ರಣ ಪ್ರಾಧಿಕಾರವಾದ ಮಹಾರೇರಾದ ನೋಂದಣಿ ಪಡೆದ 65 ಕಟ್ಟಡಗಳನ್ನು ಕೆಡವಲು ಬಾಂಬೆ ಹೈಕೋರ್ಟ್ 2024ರ ನವೆಂಬರಿನಲ್ಲಿ ಆದೇಶಿಸಿತು. ಅಲ್ಲಿ ಮನೆ ಕೊಂಡವರು ನಮ್ಮಂಥ ನೌಕರಿಯವರು, ಅವರ ಸಂಕಟ ಕಂಡರೆ ಹೊಟ್ಟೆ ಉರಿಯುತ್ತದೆ. ಕಲ್ಲು, ಕಂಬಿ, ಸಿಮೆಂಟು ಕಂಡಾಗ ನಾವು ಪ್ರಶ್ನೆ ಕೇಳುವುದನ್ನೇ ನಿಲ್ಲಿಸುತ್ತೇವೆ. ಹುಲ್ಲು ಕಂಡರೆ ಉತ್ತರಕ್ಕೂ ಕಾಯುವುದಿಲ್ಲ. ವಾಟ್ಸಾಪಿನಲ್ಲಿ ಬಂದ ಹೊತ್ತಿ ಉರಿಯುವ ಬಣವೆಯ ವಿಡಿಯೋ ಸಾಕ್ಷಿಯಾಗಿಬಿಡುತ್ತದೆ.

ಉಳಿದ ನಂಬಿಕೆಗಳನ್ನು ಬೇಗ ಮುಗಿಸುತ್ತೇನೆ. ಇಲಿಗಳು ಬರುವುದು ಹುಲ್ಲಿನಲ್ಲಿ ಉಳಿದ ಕಾಳಿಗೆ, ಚೆನ್ನಾಗಿ ಬಡಿದ ಹುಲ್ಲಿಗೆ ಬಿರುಕಿಲ್ಲದ ಗಿಲಾವಿದ್ದರೆ ಅವಕ್ಕೆ ಅಲ್ಲಿ ಕೆಲಸವಿಲ್ಲ. ಗೆದ್ದಲಿನ ಭಯ ನಿಜ, ಅದಕ್ಕೂ ಎತ್ತರದ ತಳಪಾಯವೇ ಮೊದಲ ಮದ್ದು. ಈ ಮನೆ ಎಲ್ಲಿದ್ದರೂ ತಂಪು ಎನ್ನುವುದು ಅರ್ಧ ಸತ್ಯ: ರಾತ್ರಿಯೂ ಸೆಕೆ ಇಳಿಯದ ನವಿಮುಂಬಯಿಯಂಥ ಕಡೆ ಕಿಟಕಿ ತೆರೆದೇ ಇರುವುದರಿಂದ ದಪ್ಪ ಗೋಡೆಯ ಲಾಭ ಕಡಿಮೆ. ಅಗ್ಗ ಎಂಬುದಂತೂ ಹಲವರನ್ನು ಮುಳುಗಿಸಿದ ಮಾತು. ಅಗ್ಗವಾಗುವುದು ಗೋಡೆ ಮಾತ್ರ. ತಳಪಾಯ, ಚೌಕಟ್ಟು, ಮಾಡು, ಕಿಟಕಿ–ಬಾಗಿಲು, ನಲ್ಲಿ, ವೈರಿಂಗ್ ಎಲ್ಲಕ್ಕೂ ಎಂದಿನ ದರವೇ, ಅಗಲ ಸೂರಿನ ಖರ್ಚು ಮೇಲೆ. ಜಾಗವೂ ಹೋಗುತ್ತದೆ. ಹೊರಗಿನಿಂದ 20 ಅಡಿಗೆ 15 ಅಡಿಯ ಕೋಣೆಗೆ ಒಂಬತ್ತು ಅಂಗುಲದ ಇಟ್ಟಿಗೆ ಗೋಡೆ ಹಾಕಿದರೆ ಗಿಲಾವಿನ ದಪ್ಪವೂ ಕಳೆದು ಒಳಗೆ ಸುಮಾರು 245 ಚದರ ಅಡಿ ಸಿಗುತ್ತದೆ, ಬೇಲಿನ ಗೋಡೆಯಾದರೆ 195. ನಕ್ಷೆ ಬರೆಸುವ ಮೊದಲು ಹಾಕಿಕೊಳ್ಳಬೇಕಾದ ಲೆಕ್ಕ ಇದು. ತಳಪಾಯ ತೋಡಿದ ಮೇಲೆ ಹಾಕಿ ಪ್ರಯೋಜನವಿಲ್ಲ.