ಹದಿಮೂರು ತಿಂಗಳಲ್ಲಿ ಉಪಾಧ್ಯಾಯರು

ಉಪಾಧ್ಯಾಯರು ಹುಟ್ಟುತ್ತಾರೆಯೋ, ತಯಾರಾಗುತ್ತಾರೆಯೋ ಎಂಬುದು ಬಹು ಹಳೆಯ ಚರ್ಚೆ. ಸಾವಿರಗಟ್ಟಲೆ ಉಪಾಧ್ಯಾಯರು ಒಮ್ಮೆಗೇ ಬೇಕಾದಾಗ ಆ ಚರ್ಚೆಗೆ ಕುಳಿತುಕೊಳ್ಳುವಷ್ಟು ಪುರಸೊತ್ತು ಯಾವ ದೇಶಕ್ಕೂ ಇರುವುದಿಲ್ಲ. ದ್ವಿತೀಯ ಮಹಾಯುದ್ಧದ ಅಂತ್ಯದಲ್ಲಿ ಇಂಗ್ಲೆಂಡು ಮತ್ತು ವೇಲ್ಸುಗಳಿಗೆ ಒದಗಿದ್ದು ಅಂಥ ಪರಿಸ್ಥಿತಿ. ಬಂದೂಕು ಹಿಡಿದಿದ್ದ ಕೈಗೆ ಸೀಮೆಸುಣ್ಣವನ್ನಿತ್ತು, ಹದಿಮೂರು ತಿಂಗಳಲ್ಲಿ ತರಗತಿಯ ಮುಂದೆ ನಿಲ್ಲಿಸಿದ ಆ ಪ್ರಯೋಗದ ಕಥೆ, ಇದ್ದ ಉದ್ಯೋಗವನ್ನು ಬಿಟ್ಟು ಉಪಾಧ್ಯಾಯರಾಗಬೇಕೆಂದು ಯೋಚಿಸುವವರೆಲ್ಲರೂ ಅರಿಯತಕ್ಕದ್ದು.

ಎರಡು ಕಡೆಯ ಒತ್ತಡ

ಯುದ್ಧಕಾಲದಲ್ಲಿ ತರುಣ ಉಪಾಧ್ಯಾಯರು ಸೈನ್ಯ ಸೇರಿದರು. ತರಬೇತಿ ಕಾಲೇಜುಗಳಿಗೆ ಗಂಡಸರು ಬರುವುದು ಬಹುಮಟ್ಟಿಗೆ ನಿಂತುಹೋಯಿತು. ನಿವೃತ್ತರನ್ನು ಮರಳಿ ಕರೆದು ಶಾಲೆಗಳನ್ನು ಹೇಗೋ ನಡೆಸಿದ್ದಾಯಿತು. ಇಷ್ಟರಲ್ಲಿ ಬಟ್ಲರ್ ಅವರು ಮುಂದಿಟ್ಟ 1944ರ ಶಿಕ್ಷಣ ಶಾಸನ ಅಂಗೀಕೃತವಾಯಿತು. ಅದರಂತೆ ಮಕ್ಕಳು ಶಾಲೆ ಬಿಡುವ ವಯಸ್ಸು 14ರಿಂದ 15ಕ್ಕೆ ಏರತಕ್ಕದ್ದು. 1947ರ ಏಪ್ರಿಲ್ 1ರಂದು ಅದು ಜಾರಿಗೂ ಬಂದಿತು. ಒಂದೇ ವರ್ಷವಲ್ಲವೇ ಎನ್ನಬಹುದು. ಆದರೆ ದೇಶದಲ್ಲಿ ಆ ವಯಸ್ಸಿನ ಅಷ್ಟೂ ಮಕ್ಕಳಿಗೆ ಕೊಠಡಿ ಬೇಕು, ಪಾಠ ಹೇಳುವವರು ಬೇಕು. ಸಿದ್ಧಪಡಿಸಿದ ಭಾಗಗಳನ್ನು ಜೋಡಿಸಿ ಸಾಲುಸಾಲು ಷೆಡ್ಡುಗಳನ್ನೇನೋ ನಿಲ್ಲಿಸಿದರು. ಉಪಾಧ್ಯಾಯರನ್ನು ಹಾಗೆ ಜೋಡಿಸಲು ಬರುವುದಿಲ್ಲವಷ್ಟೆ! ಆಗಿನ ಸಾಮಾನ್ಯ ತರಬೇತಿಗೆ ಎರಡು ವರ್ಷ ಹಿಡಿಯುತ್ತಿತ್ತು.

ಈ ಇಕ್ಕಟ್ಟಿನಿಂದ ಹುಟ್ಟಿದ್ದು 'ತುರ್ತು ತರಬೇತಿ ಯೋಜನೆ'. ಸೈನ್ಯದಲ್ಲಾಗಲಿ, ಯುದ್ಧಕ್ಕೆ ಸಂಬಂಧಿಸಿದ ಇತರ ಕೆಲಸದಲ್ಲಾಗಲಿ ಸೇವೆ ಸಲ್ಲಿಸಿದ ಸ್ತ್ರೀಪುರುಷರು ಅರ್ಜಿ ಹಾಕಬಹುದು. ಪದವಿಯ ಕಡ್ಡಾಯವಿಲ್ಲ. ಸಂದರ್ಶನದಲ್ಲಿ ಅಭ್ಯರ್ಥಿಯ ಸ್ವಭಾವ, ಅನುಭವ, ಆಸಕ್ತಿಗಳನ್ನು ತೂಗಿ ನೋಡುವರು. ಶುಲ್ಕವಿಲ್ಲ, ಹೆಂಡತಿ ಮಕ್ಕಳಿದ್ದವರಿಗೆ ಸಂಸಾರದ ಖರ್ಚಿಗೂ ಸರ್ಕಾರದ ನೆರವುಂಟು.

ಆಯ್ಕೆಯ ಸಂದಿಗ್ಧ

ಸೌಲಭ್ಯಗಳನ್ನು ಕೇಳಿದರೆ ದಾರಿ ಸುಗಮವೆನಿಸೀತು. ಆದರೆ ಹದಿನಾಲ್ಕಕ್ಕೆ ಶಾಲೆ ಬಿಟ್ಟು, ಗುಮಾಸ್ತನಾಗಿ, ಅಲ್ಲಿಂದ ಯುದ್ಧಕ್ಕೆ ಹೋಗಿ, ಮೂವತ್ತರ ಅಂಚಿನಲ್ಲಿ ಮನೆಗೆ ಹಿಂದಿರುಗಿದವನೊಬ್ಬನನ್ನು ಊಹಿಸಿಕೊಳ್ಳಿ. ಹಿಂದಿರುಗಿದ ಯೋಧರನ್ನು ಹಳೆಯ ಯಜಮಾನರು ಮತ್ತೆ ಸೇರಿಸಿಕೊಳ್ಳಬೇಕೆಂದು 1944ರ ಕಾನೂನೊಂದು ವಿಧಿಸಿತ್ತು. ಹೀಗಾಗಿ ಒಂದೆಡೆ ಪರಿಚಿತವಾದ ಕುರ್ಚಿ, ಗೊತ್ತಾದ ಸಂಬಳ. ಇನ್ನೊಂದೆಡೆ ತರಬೇತಿಗೆ ಆಯ್ಕೆಯಾದೆಯೆಂಬ ಒಂದು ಕಾಗದ. ಲಕ್ಷಕ್ಕೂ ಮೀರಿ ಅರ್ಜಿಗಳು ಬಂದಿದ್ದವು, ಕಾಲೇಜುಗಳಲ್ಲಿ ಸ್ಥಳವಿರಲಿಲ್ಲ. ಆಯ್ಕೆಯಾದವರಲ್ಲೇ ಅನೇಕರು ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು. ಕಾಯುವ ದಿನಗಳಲ್ಲಿ ಮನೆ ನಡೆಯಬೇಕಲ್ಲ! ವೇಗದ ದಾರಿಯೆಂದು ಹೊರಟವರಿಗೆ ಮೊದಲ ಪರೀಕ್ಷೆ ತಾಳ್ಮೆಯದೇ ಆಯಿತು.

ಸ್ಥಳಾಭಾವವನ್ನು ನೀಗಿಸಲು ಸರ್ಕಾರ ಸಿಕ್ಕ ಕಟ್ಟಡಗಳನ್ನೆಲ್ಲ ಬಳಸಿಕೊಂಡಿತು. ನಾರ್ಥಂಬರ್ಲೆಂಡ್ ಡ್ಯೂಕರ ಆಲ್ನಿಕ್ ಕೋಟೆಯ ಒಂದು ಭಾಗ ಮಹಿಳೆಯರ ಕಾಲೇಜಾಯಿತು. ಯುದ್ಧಕಾಲದಲ್ಲಿ ಸೆರೆಸಿಕ್ಕ ಜರ್ಮನ್ ಸೇನಾಪತಿಗಳನ್ನಿರಿಸಿ, ಅವರ ಮಾತುಕತೆಯನ್ನು ಗುಟ್ಟಾಗಿ ಆಲಿಸುತ್ತಿದ್ದ ಲಂಡನ್ ಬಳಿಯ ಟ್ರೆಂಟ್ ಪಾರ್ಕ್ ಬಂಗಲೆಯಲ್ಲಿ ಭಾವೀ ಉಪಾಧ್ಯಾಯರ ಪಾಠ ಪ್ರಾರಂಭವಾಯಿತು. ಹೀಗೆ ಐವತ್ತಕ್ಕೂ ಹೆಚ್ಚು ಕಾಲೇಜುಗಳು ತಲೆಯೆತ್ತಿದವು.

ಉಳಿದ ದಾರಿ

ಆಕ್ಷೇಪಗಳಿಗೇನೂ ಕೊರತೆಯಿರಲಿಲ್ಲ. ಎರಡು ವರ್ಷ ಓದಿ ಬಂದವರಿಗೂ ಹದಿಮೂರು ತಿಂಗಳಲ್ಲಿ ಹೊರಬಿದ್ದವರಿಗೂ ಒಂದೇ ಸ್ಥಾನವೇ? ಇದರಿಂದ ವೃತ್ತಿಯ ಘನತೆ ಕುಗ್ಗದೇ? ಈ ಶಂಕೆ ನ್ಯಾಯವಾದುದೇ. ಉಪಾಧ್ಯಾಯನ ಅರೆಬರೆ ಕಲಿಕೆಗೆ ಬೆಲೆ ತೆರುವವನು ಉಪಾಧ್ಯಾಯನಲ್ಲ. ಅವನೆದುರು ಕುಳಿತ ಮಗು. ಆ ಮಗುವಿಗೆ ಕಳೆದುಹೋದ ವರ್ಷ ಮತ್ತೆ ಬಾರದು.

ಯೋಜನೆಯನ್ನು ರೂಪಿಸಿದವರು ಇದನ್ನು ಬಲ್ಲವರಾಗಿದ್ದರು. ಆದ್ದರಿಂದಲೇ ಕಾಲೇಜಿನ ಬಾಗಿಲಲ್ಲಿ ತರಬೇತಿ ಮುಗಿಯಿತೆಂದು ಅವರು ಭಾವಿಸಲಿಲ್ಲ. ಹೊರಬಂದವರಿಗೆ ಎರಡು ವರ್ಷಗಳ ಪ್ರೊಬೇಷನ್. ಆ ಅವಧಿಯಲ್ಲಿ ಹಗಲು ಪಾಠ ಹೇಳುತ್ತ, ಬಿಡುವಿನಲ್ಲಿ ಮಾರ್ಗದರ್ಶನದಂತೆ ಓದು ಮುಂದುವರಿಸಬೇಕು. ಅಂದರೆ ಕಾಲೇಜಿನಲ್ಲಿ ಉಳಿಸಿದ ತಿಂಗಳುಗಳನ್ನು ತರಗತಿಯಲ್ಲಿ ದುಡಿದು ತೀರಿಸಬೇಕು. ಇನ್ನೊಂದು ಬಂಡವಾಳವೂ ಅವರಲ್ಲಿತ್ತು. ದೇಶವಿದೇಶ ಕಂಡು, ಕಷ್ಟದಲ್ಲಿ ಹತ್ತು ಜನರೊಡನೆ ಬಾಳಿ ಬಂದವರಿಗೆ ಲೋಕಜ್ಞಾನವನ್ನು ಕಾಲೇಜು ಹೊಸದಾಗಿ ಕಲಿಸಬೇಕಾಗಿರಲಿಲ್ಲ.

1951ರಲ್ಲಿ ಯೋಜನೆ ಮುಕ್ತಾಯವಾಗುವ ವೇಳೆಗೆ ಸುಮಾರು 35,000 ಮಂದಿ ಉಪಾಧ್ಯಾಯರಾಗಿದ್ದರು. ಅವರಲ್ಲಿ ಸುಮಾರು 23,000 ಗಂಡಸರು, 12,000 ಹೆಂಗಸರು. ಸರ್ಕಾರಿ ನೆರವಿನ ಶಾಲೆಗಳಲ್ಲಿ ಆರು ಜನ ಉಪಾಧ್ಯಾಯರಿಗೊಬ್ಬರು ಈ ದಾರಿಯಿಂದ ಬಂದವರೆಂಬ ಲೆಕ್ಕವಾಯಿತು. ಶಾಲೆ ಬಿಡುವ ವಯಸ್ಸಿನ ಏರಿಕೆ ಕಾಗದದ ಮೇಲೆಯೇ ಉಳಿಯದೆ ನಿಜವಾದದ್ದು ಬಹುಪಾಲು ಇವರ ದುಡಿಮೆಯಿಂದ.

ನಮ್ಮಲ್ಲಿ ಬಹುಕಾಲ ಒಂದು ವರ್ಷದ್ದಾಗಿದ್ದ ಬಿ.ಎಡ್. ತರಬೇತಿಯನ್ನು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಗಳು ಎರಡು ವರ್ಷಕ್ಕೆ ವಿಸ್ತರಿಸಿದವು. ಅವಧಿ ಹಿಗ್ಗಬೇಕೋ ಕುಗ್ಗಬೇಕೋ ಎಂಬ ವಾದ ಎಲ್ಲ ದೇಶಗಳಲ್ಲೂ ನಡೆಯುತ್ತಲೇ ಇರುತ್ತದೆ. ಆದರೆ ಮೂವತ್ತು ನಲವತ್ತರ ವಯಸ್ಸಿನಲ್ಲಿ ಬ್ಯಾಂಕನ್ನೋ ಕಾರ್ಖಾನೆಯನ್ನೋ ಬಿಟ್ಟು ಶಾಲೆಯತ್ತ ಮುಖ ಮಾಡುವವರು ತರಬೇತಿ ಎಷ್ಟು ತಿಂಗಳೆಂದು ಕೇಳಿ ಸುಮ್ಮನಾಗಬಾರದು. ಪಾಠ ಹೇಳಲಾರಂಭಿಸಿದ ಮೊದಲೆರಡು ವರ್ಷ ತಮ್ಮ ತಪ್ಪನ್ನು ತೋರಿಸಿ ತಿದ್ದುವ ಹಿರಿಯರು ಆ ಶಾಲೆಯಲ್ಲಿರುವರೇ ಎಂದೂ ವಿಚಾರಿಸಬೇಕು. ಸಂಬಳದ ಮಾತನ್ನು ಅದರ ಅನಂತರ ಎತ್ತಿದರೂ ತಡವಾಗದು.