ಗೆದ್ದ ಮರುದಿನದ ಕುದುರೆ

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಸಾಲಿನಲ್ಲಿ ರಾಬಿನ್ಸನ್ ಫ್ಲ್ಯಾಟ್ ಅಂತೊಂದು ತಾಣ. ಬೇಸಿಗೆಯ ಒಂದು ಶನಿವಾರ ನಸುಕಿನಿಂದ ದೂಳೆಬ್ಬಿಸಿಕೊಂಡು ಬಂದ ಜಾಣ ಸವಾರರು ತಾಣ ಇನ್ನೂ ಸ್ವಲ್ಪ ದೂರವಿರುವಾಗಲೇ ಕೆಳಗಿಳಿದು, ಜೀನಿನ ಪಟ್ಟಿ ಸಡಿಲಿಸಿ, ಲಗಾಮು ಹಿಡಿದು ನಡೆಯತೊಡಗುತ್ತಾರೆ. ಪೈಪೋಟಿಯ ನಡುವೆ ಇದೇನು ವಾಯುವಿಹಾರ ಅನ್ನಿಸಬೇಕು. ಲೆಕ್ಕ ಬೇರೆ ಇದೆ. ಕುದುರೆಯ ಎದೆಬಡಿತ ನಿಮಿಷಕ್ಕೆ 60–64ರ ಆಸುಪಾಸಿಗೆ ಇಳಿಯುವ ತನಕ ಅದರ ಕಡ್ಡಾಯ ವಿಶ್ರಾಂತಿಯ ಒಂದು ಗಂಟೆ ಶುರುವಾಗುವುದೇ ಇಲ್ಲ. ನಾಗಾಲೋಟದಲ್ಲಿ ನುಗ್ಗಿದವರು ಕುದುರೆಯ ಕತ್ತಿಗೆ ನೀರು ಸುರಿಯುತ್ತ ಕಾಯಬೇಕು. ನಡೆದು ಬಂದವರು ಅವರ ಪಕ್ಕದಿಂದಲೇ ಒಳಗೆ ಹೋಗುತ್ತಾರೆ.

ಒಳಗೆ ಪಶುವೈದ್ಯರು. ಚರ್ಮ ಚಿವುಟಿ ಎತ್ತಿ ಬಿಡುತ್ತಾರೆ. ಮಡಿಕೆ ತಟ್ಟನೆ ಕೂತರೆ ಸರಿ, ಹಾಗೇ ನಿಂತರೆ ಮೈಯಲ್ಲಿ ನೀರಿಲ್ಲ. ತುಟಿ ಎತ್ತಿ ಒಸಡನ್ನು ಹೆಬ್ಬೆರಳಿನಿಂದ ಒತ್ತಿ, ಬಿಳಿಚಿದ ಜಾಗಕ್ಕೆ ಕೆಂಪು ಮರಳಲು ಎಷ್ಟು ಹೊತ್ತಾಯಿತೆಂದು ನೋಡುತ್ತಾರೆ. ಪಕ್ಕೆಗೆ ಸ್ಟೆತಸ್ಕೋಪ್ ಇಟ್ಟು ಕರುಳಿನ ಗುಡುಗುಡು ಕೇಳುತ್ತಾರೆ. ನಮ್ಮ ಹೊಟ್ಟೆ ಸದ್ದು ಮಾಡಿದರೆ ಮುಜುಗರ. ಇಲ್ಲಿ ಹೊಟ್ಟೆ ಸುಮ್ಮನಾದರೇ ಗಾಬರಿ. ಇನ್ನೊಂದು ಪರೀಕ್ಷೆಯಿದೆ. ಬಡಿತ ಎಣಿಸಿ, ಸುಮಾರು 75 ಮೀಟರ್ ಕುಕ್ಕುಲೋಟ ಮಾಡಿಸಿ, ಓಟ ಶುರುವಾದ ಸರಿಯಾಗಿ ಒಂದು ನಿಮಿಷಕ್ಕೆ ಮತ್ತೆ ಎಣಿಸುವುದು. ಎರಡನೆಯ ಎಣಿಕೆ ಮೊದಲನೆಯದನ್ನು ಮೀರಿದರೆ ವೈದ್ಯರ ಹುಬ್ಬು ಗಂಟಿಕ್ಕುತ್ತದೆ. ಕಾಲು ಕುಂಟುತ್ತಿದ್ದರೆ ಅದೂ ಆ ಓಟದಲ್ಲೇ ಬಯಲು.

ಇಷ್ಟೆಲ್ಲ ಯಾಕೆಂದರೆ, ದಣಿದ ಕುದುರೆಗೆ ತನಗೆ ಬಾಯಾರಿದೆ ಎಂಬುದೇ ಎಷ್ಟೋ ಸಲ ತಿಳಿಯುವುದಿಲ್ಲ. ನಮ್ಮ ಬೆವರಿನಲ್ಲಿ ರಕ್ತಕ್ಕಿಂತ ಉಪ್ಪು ಕಡಿಮೆ. ಬೆವರಿದಂತೆ ರಕ್ತದ ಉಪ್ಪಿನಂಶ ಏರಿ, ನೀರು ಬೇಕೆಂದು ಮಿದುಳು ಕೂಗುತ್ತದೆ. ಕುದುರೆಯ ಬೆವರೋ ಗಟ್ಟಿ ಉಪ್ಪುನೀರು. ಸೆಕೆಯಲ್ಲಿ ಗಂಟೆಗೆ 10 ಲೀಟರಿನಷ್ಟು ಸುರಿಯುವಾಗ ಉಪ್ಪೂ ನೀರೂ ಜೊತೆಗೇ ಹೋಗುವುದರಿಂದ ಆ ಕೂಗು ಏಳುವುದಿಲ್ಲ. ತೊಟ್ಟಿಯ ಮುಂದೆ ನಿಂತರೂ ಮೂಗು ಅದ್ದಿ ಸುಮ್ಮನಾಗುತ್ತದೆ. ಮೇಲಾಗಿ ಅದು ಮಂದೆಯ ಪ್ರಾಣಿ, ಮುಂದಿನ ಕುದುರೆ ಹೋಯಿತೆಂದು ತಾನೂ ಓಡುತ್ತದೆ. ಸಾಕು ಎನ್ನಲು ಬೇರೆ ಯಾರಾದರೂ ಬೇಕು.

ರಾಬಿನ್ಸನ್ ಫ್ಲ್ಯಾಟ್ ದಾಟಿ ಹೋಗುವ ಈ ಪೈಪೋಟಿಯ ಹೆಸರು ಟೆವಿಸ್ ಕಪ್ ಸವಾರಿ. ಈ ಕಾಲದ ಕುದುರೆಗೂ ಒಂದೇ ದಿನದಲ್ಲಿ ನೂರು ಮೈಲಿ ಸಾಧ್ಯವೆಂದು ತೋರಿಸಲು 1955ರಲ್ಲಿ ಆಬರ್ನ್ ಪಟ್ಟಣದ ವೆಂಡೆಲ್ ರೋಬಿ ಗೆಳೆಯರ ಜೊತೆ ಹೊರಟಿದ್ದೇ ಮೊದಲು. 24 ಗಂಟೆಯೊಳಗೆ ಮುಟ್ಟಿದರೆ ಬೆಳ್ಳಿಯ ಬಕಲ್. ಅದೂ ಗುರಿ ದಾಟಿದ ಕುದುರೆ ಇನ್ನೂ ಮುಂದೆ ಹೋಗಬಲ್ಲದೆಂದು ವೈದ್ಯರು ಒಪ್ಪಿದರೆ ಮಾತ್ರ. ಹೊರಟವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಮುಟ್ಟುತ್ತಾರೆ. 1973ರಲ್ಲಿ ಕುದುರೆ ಕುಂಟಿದ್ದರಿಂದ ನಡುದಾರಿಯಲ್ಲೇ ಉಳಿದ ಗಾರ್ಡಿ ಐನ್ಸ್‌ಲೀ, ಮರುವರ್ಷ ಕುದುರೆಯನ್ನೇ ಬಿಟ್ಟು ತಾವೇ ಓಡಿ 24 ಗಂಟೆಯೊಳಗೆ ಆಬರ್ನ್ ಸೇರಿದರು! ಮನುಷ್ಯರ ನೂರು ಮೈಲಿ ಓಟದ ಹುಚ್ಚಿಗೆ ಅಲ್ಲಿಂದಲೇ ದಾರಿಯಾಯಿತು. ಕುದುರೆಯ ಕಷ್ಟ ಅವರಷ್ಟು ತಿಳಿದ ಸವಾರ ಇನ್ನೊಬ್ಬರಿರಲಿಕ್ಕಿಲ್ಲ.

ಬೆಟ್ಟದ ಕಡಿದಾದ ದಾರಿಯೇ ವೇಗಕ್ಕೆ ಕಡಿವಾಣ. ಯುಎಇಯಲ್ಲಿ ಇಂಥ ಪಂದ್ಯ ನಡೆಯುವ ಮರಳುಗಾಡಿನ ಸಪಾಟು ಟ್ರ್ಯಾಕಿನಲ್ಲಿ ಅದಿಲ್ಲ. ಅಲ್ಲಿ ಕಾಲು ಮುರಿದ ಕುದುರೆಗಳ ಸುದ್ದಿ ಹೆಚ್ಚಿದಾಗ, 2015ರ ಮಾರ್ಚಿನಲ್ಲಿ ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟವು ಯುಎಇ ಒಕ್ಕೂಟವನ್ನು ಅಮಾನತು ಮಾಡಿತು. ಕೆಲವೇ ತಿಂಗಳಲ್ಲಿ ಹಿಂತೆಗೆದುಕೊಂಡಿತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು, ಆ ವರ್ಷವೇ ಅಬುಧಾಬಿಯ ಬೂತೀಬ್ ಪಂದ್ಯತಾಣದಲ್ಲಿ ಮಾಡಿದ ಕೆಲಸ: ವೇಗಕ್ಕೆ ಗಂಟೆಗೆ 20 ಕಿ.ಮೀ. ಮಿತಿ, ಬಡಿತದ ಮಿತಿ 56. ನಿಧಾನ ಹೋದರೆ ಲಾಭವೆಂದು ನಿಯಮವೇ ಹೇಳಬೇಕು. ಸವಾರರ ಒಳ್ಳೆಯತನವನ್ನು ನಂಬಿ ಕೂತರಾಗದು.

ಟೆವಿಸ್‌ನಲ್ಲಿ 1964ರಿಂದ ಇನ್ನೊಂದು ಕಪ್ ಇದೆ, ಹ್ಯಾಗಿನ್ ಕಪ್. ಅನೇಕ ಸವಾರರಿಗೆ ಮೊದಲ ಸ್ಥಾನಕ್ಕಿಂತ ಇದರ ಮೇಲೇ ಆಸೆ. ಮೊದಲು ಮುಟ್ಟಿದ ಹತ್ತು ಕುದುರೆಗಳನ್ನು ಭಾನುವಾರ ಬೆಳಿಗ್ಗೆ ಮತ್ತೆ ವೈದ್ಯರ ಮುಂದೆ ತರುತ್ತಾರೆ. ಎಲ್ಲಕ್ಕಿಂತ ಗಟ್ಟಿಮುಟ್ಟಾಗಿ ಕಂಡದ್ದಕ್ಕೆ ಕಪ್, ಅದು ಹತ್ತನೆಯದಾಗಿ ಬಂದಿದ್ದರೂ ಸರಿ. ನಿದ್ದೆಗೆಟ್ಟು ಕಣ್ಣು ಕೆಂಪಾದ, ತೊಡೆ ತರಚಿದ ಸವಾರ ಹಗ್ಗ ಹಿಡಿದು ನಾಲ್ಕು ಹೆಜ್ಜೆ ಓಡಲಾಗದೆ ಕುಂಟುತ್ತಿದ್ದರೆ, ಪಕ್ಕದ ಕುದುರೆ ಕಿವಿ ನಿಮಿರಿಸಿ ಅವನನ್ನೇ ಎಳೆದುಕೊಂಡು ಹೋಗುತ್ತದೆ. ಅವನು ಕುಂಟಿದ್ದಕ್ಕೆ ಅಂಕ ಕಳೆಯುವುದಿಲ್ಲ.